ಗ್ರಹಗಳನ್ನು ಕಂಡು ಚಿತ್ರಿಸುವ ಕ್ರಮ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಭೋಸರಿ, ಪಿಂಪ್ರಿ-ಚಿಂಚವಡ್ ಮಹಾನಗರದ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳ ದೀಪ, ರಸ್ತೆಯ ದೀಪ ಮತ್ತು ಧೂಳಿನಿಂದಾಗಿ ಇಲ್ಲಿ ಕ್ಷೀರಪಥವು ಬರಿಗಣ್ಣಿಗೆ ಗೋಚರಿಸುವುದಿಲ್ಲ. ದೂರದ ನೀಹಾರಿಕೆಗಳನ್ನು ನೋಡಬಯಸುವವರು ಇದೇ ಹೆದ್ದಾರಿಯಲ್ಲಿ ಹತ್ತಾರು ಕಿಲೋಮೀಟರು ಉತ್ತರಕ್ಕೆ ಹೋಗಬೇಕಾಗುತ್ತದೆ. ಆದರೆ ಗ್ರಹಗಳ ಮಾತು ಬೇರೆ. ಗುರು, ಶುಕ್ರ, ಮಂಗಳ, ಶನಿ ಇವು ಎಷ್ಟು ಪ್ರಕಾಶಮಾನವೆಂದರೆ ನಗರದ ಬೆಳಕು ಅವುಗಳಿಗೆ ಅಡ್ಡಿಯಾಗದು. ಮನೆಯ ತಾರಸಿಯ ಮೇಲೆ ನಿಂತು, ಸಾಧಾರಣ ದೂರದರ್ಶಕದಲ್ಲಿ ಗ್ರಹವನ್ನು ನೋಡಿ ಪೆನ್ಸಿಲಿನಿಂದ ಚಿತ್ರಿಸುವ ಹವ್ಯಾಸಕ್ಕೆ ಭೋಸರಿಯಂತಹ ಊರೂ ಯೋಗ್ಯವೇ ಆಗಿದೆ.

ಇನ್ನೊಂದು ಅನುಕೂಲವೂ ಉಂಟು. ಪುಣೆಯ ಅಕ್ಷಾಂಶ ಸುಮಾರು ಹದಿನೆಂಟೂವರೆ ಡಿಗ್ರಿ ಉತ್ತರ. ಗುರುಗ್ರಹವು ತನ್ನ ಪಥದಲ್ಲಿ ತೀರ ದಕ್ಷಿಣಕ್ಕೆ ಸರಿದಿರುವಾಗಲೂ ಇಲ್ಲಿ ದಿಗಂತದಿಂದ 48 ಡಿಗ್ರಿಯಷ್ಟು ಮೇಲೇರುತ್ತದೆ. ಅದೇ ಸಮಯದಲ್ಲಿ ಲಂಡನ್ನಿನ ವೀಕ್ಷಕನಿಗೆ ಅದು 15 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಗ್ರಹ ಎತ್ತರದಲ್ಲಿದ್ದಷ್ಟೂ ಅದರ ಬೆಳಕು ಹಾಯ್ದುಬರುವ ವಾಯುಪದರ ತೆಳುವಾಗಿದ್ದು ಬಿಂಬವು ಸ್ಥಿರವಾಗಿರುತ್ತದೆ.

ಪುಣೆಗೆ ಖಗೋಳ ವೀಕ್ಷಣೆಯ ಪರಂಪರೆ ಹಳೆಯದು. ಭಾವನಗರದ ಮಹಾರಾಜ ತಖ್ತಸಿಂಹಜಿಯವರ ನೆರವಿನಿಂದ 1880ರ ದಶಕದಲ್ಲಿ ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಸ್ಥಾಪಿತವಾದ ವೀಕ್ಷಣಾಲಯದಲ್ಲಿ 20 ಅಂಗುಲ ವ್ಯಾಸದ ದರ್ಪಣವುಳ್ಳ ದೂರದರ್ಶಕವಿತ್ತು. ಕಾವಸ್‌ಜಿ ದಾದಾಭಾಯಿ ನಯಗಾಮವಾಲಾ ಅವರು ಅದರ ನಿರ್ದೇಶಕರಾಗಿದ್ದರು. 1912ರಲ್ಲಿ ವೀಕ್ಷಣಾಲಯ ಮುಚ್ಚಿ, ಉಪಕರಣಗಳು ಕೊಡೈಕನಾಲಿಗೆ ಹೋದವು. 1944ರಲ್ಲಿ ಪುಣೆಯ ಹವ್ಯಾಸಿಗಳು ಜ್ಯೋತಿರ್ವಿದ್ಯಾ ಪರಿಸಂಸ್ಥೆಯನ್ನು ಕಟ್ಟಿದರು. ಹೊಸಬರು ಸ್ವಂತ ದೂರದರ್ಶಕವನ್ನು ಕೊಳ್ಳುವ ಮೊದಲು ಇಂತಹ ಸಂಘಗಳ ವೀಕ್ಷಣಾ ಕಾರ್ಯಕ್ರಮಗಳಿಗೆ ಹೋಗಿಬರುವುದು ಜಾಣತನ.

ಛಾಯಾಚಿತ್ರಗಳ ಈ ಕಾಲದಲ್ಲಿ ಕೈಯಿಂದ ಚಿತ್ರ ಬರೆಯುವುದೇಕೆ ಎಂಬ ಪ್ರಶ್ನೆ ಸಹಜ. ಸೂಕ್ಷ್ಮ ವಿವರಗಳ ದಾಖಲೆಗೆ ಇಂದಿನ ಡಿಜಿಟಲ್ ಕ್ಯಾಮೆರಾವೇ ಮೇಲು ಎಂಬುದನ್ನು ಒಪ್ಪಲೇಬೇಕು. ಆದರೆ ನೋಡಲು ಕಲಿಸುವ ಶಕ್ತಿ ಪೆನ್ಸಿಲಿಗಿದೆ. ಮೊದಲ ಬಾರಿ ದೂರದರ್ಶಕದಲ್ಲಿ ಕಣ್ಣಿಟ್ಟವರಿಗೆ ಗುರುವು ಎರಡು ಮಸುಕು ಗೆರೆಗಳುಳ್ಳ ಬಿಳಿ ಬಿಲ್ಲೆಯಾಗಿ ತೋರುತ್ತದೆ. ಚಿತ್ರ ಬರೆಯಲೆಂದು ಕಾಲು ಗಂಟೆ ನೋಡಿದವರಿಗೆ ಅದೇ ಬಿಲ್ಲೆಯಲ್ಲಿ ನಾಲ್ಕೈದು ಪಟ್ಟೆಗಳು, ಅವುಗಳ ಅಂಚಿನ ಏರುಪೇರು, ಧ್ರುವಗಳ ಬೂದುಬಣ್ಣ ಗೋಚರವಾಗುತ್ತವೆ. ಗಾಳಿಯ ಕಂಪನ ಒಂದು ಕ್ಷಣ ನಿಂತಾಗ ಮಾತ್ರ ಈ ವಿವರಗಳು ಮಿಂಚಿ ಮರೆಯಾಗುತ್ತವೆ. ಆ ಕ್ಷಣಕ್ಕಾಗಿ ಕಾಯುವುದೇ ವೀಕ್ಷಕನ ಮುಖ್ಯ ಕೆಲಸ.

ಹಳೆಯ ಚಿತ್ರಗಳ ಬೆಲೆಗೆ ಗುರುವಿನ ದೊಡ್ಡ ಕೆಂಪು ಮಚ್ಚೆಯೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ವೀಕ್ಷಕರು ಬರೆದಿಟ್ಟ ಚಿತ್ರ ಮತ್ತು ಅಳತೆಗಳಿಂದ ಆಗ ಅದರ ಉದ್ದ ಸುಮಾರು 40,000 ಕಿ.ಮೀ. ಇದ್ದಿತೆಂದು ತಿಳಿದುಬಂದಿದೆ. 2017ರಲ್ಲಿ ಅದು ಸುಮಾರು 16,000 ಕಿ.ಮೀ. ಮಾತ್ರವಿತ್ತು. ಅಂದಿನವರು ಸಹನೆಯಿಂದ ಚಿತ್ರಿಸದೆ ಹೋಗಿದ್ದರೆ ಮಚ್ಚೆ ಇಷ್ಟು ಕುಗ್ಗಿರುವುದು ನಮಗೆ ತಿಳಿಯುತ್ತಿರಲಿಲ್ಲ. 1933ರ ಆಗಸ್ಟ್ 3ರಂದು ಶನಿಗ್ರಹದ ಮೇಲೆ ದೊಡ್ಡ ಬಿಳಿ ಮಚ್ಚೆಯನ್ನು ಮೊದಲಿಗೆ ಕಂಡ ವಿಲ್ ಹೇ ಎಂಬಾತನು ಇಂಗ್ಲೆಂಡಿನ ಹಾಸ್ಯನಟ. ಆತ ಬಳಸಿದ್ದು 6 ಅಂಗುಲದ ದೂರದರ್ಶಕ.

ಸಲಕರಣೆಗಳು ಅಲ್ಪ. ಎರಡೂವರೆ ಅಂಗುಲದ ಮಸೂರವುಳ್ಳ ದೂರದರ್ಶಕದಲ್ಲಿ ಗುರುವಿನ ಮುಖ್ಯ ಪಟ್ಟೆಗಳೂ ನಾಲ್ಕು ಉಪಗ್ರಹಗಳೂ ಕಾಣುತ್ತವೆ. 6 ಅಂಗುಲದ ದರ್ಪಣ ದೂರದರ್ಶಕ ಹವ್ಯಾಸಿಗೆ ಬಹುಕಾಲ ಸಾಕಾಗುತ್ತದೆ. ನೂರೈವತ್ತು ಪಟ್ಟಿನ ವರ್ಧನೆಯನ್ನು ಮೀರಲು ಅವಸರಪಡಬಾರದು. ದೊಡ್ಡ ಮಸುಕು ಬಿಂಬಕ್ಕಿಂತ ಚಿಕ್ಕ ಸ್ಪಷ್ಟ ಬಿಂಬ ಮೇಲು. ಎಚ್‌ಬಿ ಮತ್ತು 2ಬಿ ಪೆನ್ಸಿಲುಗಳು, ರಬ್ಬರು, ಬರೆಯುವ ಹಲಗೆ, ಮಂದ ಬೆಳಕಿನ ಟಾರ್ಚು ಹಾಗೂ ಸರಿಯಾದ ಸಮಯ ತೋರಿಸುವ ಗಡಿಯಾರ ಇರಬೇಕು. ದಿನವಿಡೀ ಬಿಸಿಲಿಗೆ ಕಾದ ಕಾಂಕ್ರೀಟು ತಾರಸಿ ರಾತ್ರಿ ಬಹಳ ಹೊತ್ತಿನವರೆಗೂ ಶಾಖವನ್ನು ಬಿಡುತ್ತಿರುತ್ತದೆ. ಕಾರ್ಖಾನೆಗಳ ತಗಡಿನ ಚಾವಣಿಯ ಮೇಲಿನ ಗಾಳಿಯೂ ಕುದಿಯುತ್ತಿರುತ್ತದೆ. ಆದುದರಿಂದ ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು, ಮರಗಳ ಅಥವಾ ಬಯಲಿನ ದಿಕ್ಕಿನಲ್ಲಿ ಗ್ರಹ ಇರುವ ವೇಳೆಯನ್ನು ಆರಿಸಿಕೊಳ್ಳುವುದು ಲೇಸು.

ಗುರುವಿನಿಂದ ಆರಂಭಿಸಬೇಕು. ಹಗಲಿನಲ್ಲೇ ಹಾಳೆಯ ಮೇಲೆ ಆಕೃತಿಯನ್ನು ಬರೆದಿಟ್ಟುಕೊಳ್ಳಿರಿ. ವೇಗವಾಗಿ ತಿರುಗುವ ಕಾರಣ ಗುರುವು ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಅಡ್ಡ ಅಳತೆ 60 ಮಿ.ಮೀ. ಇಟ್ಟರೆ ಉದ್ದದ ಅಳತೆ 56 ಮಿ.ಮೀ. ಆಗಬೇಕು. ಪೂರ್ತಿ ವೃತ್ತ ಬರೆದರೆ ಪಟ್ಟೆಗಳ ಸ್ಥಾನ ತಪ್ಪುತ್ತದೆ. ಗುರುವಿನ ಒಂದು ದಿನ ಹತ್ತು ಗಂಟೆಗೂ ಕಡಿಮೆ. ಹತ್ತು ನಿಮಿಷದಲ್ಲಿ ಮೇಲ್ಮೈ ಆರು ಡಿಗ್ರಿ ಸರಿದುಬಿಡುತ್ತದೆ. ಹೀಗಾಗಿ ಮೊದಲು ಪಟ್ಟೆಗಳನ್ನು ತಿಳಿಯಾಗಿ ಗುರುತಿಸಿ, ಸಮಯ ಬರೆದು, ಮುಂದಿನ ಹತ್ತು ಹದಿನೈದು ನಿಮಿಷಗಳಲ್ಲಿ ಮಚ್ಚೆಗಳ ಸ್ಥಾನವನ್ನು ತುಂಬಬೇಕು. ಕಡು-ತಿಳಿ ಛಾಯೆಗಳನ್ನು ಆಮೇಲೆ ತಿದ್ದಬಹುದು. ಯಾವುದೇ ಮಚ್ಚೆಯು ಬಿಂಬದ ನಡುಗೆರೆಯನ್ನು ದಾಟುವ ನಿಮಿಷವನ್ನು ದಾಖಲಿಸಿದರೆ ಅದರ ರೇಖಾಂಶವನ್ನು ಸುಮಾರು ಒಂದು ಡಿಗ್ರಿಯಷ್ಟು ನಿಖರವಾಗಿ ಲೆಕ್ಕಹಾಕಬಹುದು. ಇಂಗ್ಲೆಂಡಿನ ವಕೀಲ ಸ್ಟ್ಯಾನ್ಲಿ ವಿಲಿಯಮ್ಸ್ ಇದೇ ರೀತಿಯಲ್ಲಿ ಗಡಿಯಾರದ ನೆರವಿನಿಂದ ಗುರುವಿನ ವಾಯುಪ್ರವಾಹಗಳನ್ನು ವಿಂಗಡಿಸಿ 1896ರಲ್ಲಿ ಪ್ರಕಟಿಸಿದನು.

ದರ್ಪಣ ದೂರದರ್ಶಕವು ಬಿಂಬವನ್ನು ತಲೆಕೆಳಗಾಗಿ ತೋರಿಸುತ್ತದೆ. ಅದನ್ನು ಕಂಡಂತೆಯೇ ಬರೆಯತಕ್ಕದ್ದು. ದಿಕ್ಕು ತಿಳಿಯಲು ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಗ್ರಹವು ಯಾವ ಕಡೆ ಜಾರುತ್ತದೆಯೋ ಅದು ಪಶ್ಚಿಮ.

ಭೋಸರಿಯಂತಹ ಊರಿನಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು ಕೈ ಪಳಗಿದವರು ಅನೇಕರಿದ್ದಾರೆ. ಅವರ ಕೈಗೆ ಖಚಿತವಾದ ಗೆರೆ ಸಹಜವಾಗಿ ಬರುತ್ತದೆ. ಇಲ್ಲಿ ಅದೇ ತೊಡಕು. ಗ್ರಹದ ಮೇಲೆ ಗೆರೆಗಳಿಲ್ಲ, ಛಾಯೆಗಳಿವೆ. ಪೆನ್ಸಿಲನ್ನು ಓರೆಯಾಗಿ ಹಿಡಿದು, ಬೆರಳ ತುದಿಯಿಂದ ಅಥವಾ ಸುತ್ತಿದ ಕಾಗದದಿಂದ ಮೆಲ್ಲನೆ ತೀಡಬೇಕು. 1877ರಲ್ಲಿ ಮಂಗಳನನ್ನು ಚಿತ್ರಿಸಿದ ಇಟಲಿಯ ಸ್ಕಿಯಾಪರೆಲ್ಲಿ ಇಂಜಿನಿಯರಿಂಗ್ ಕಲಿತವನೇ ಆಗಿದ್ದನು. ಅವನ ನಕ್ಷೆಯ ನೇರ ಗೆರೆಗಳನ್ನು ಅಮೆರಿಕದ ಲೋವೆಲ್ ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದು ಸಾರಿದನು. 1903ರಲ್ಲಿ ಮಾಂಡರ್ ಎಂಬ ಖಗೋಳಜ್ಞನು ಗ್ರೀನಿಚ್‌ನ ಶಾಲಾ ಬಾಲಕರಿಗೆ ಬಿಡಿಬಿಡಿ ಚುಕ್ಕೆಗಳುಳ್ಳ ಬಿಂಬವನ್ನು ದೂರದಿಂದ ತೋರಿಸಿ ಚಿತ್ರ ಬರೆಯಿಸಿದಾಗ, ಹಲವರು ಇಲ್ಲದ ಗೆರೆಗಳನ್ನು ಬರೆದರು. 1909ರಲ್ಲಿ ಆಂಟೋನಿಯಾಡಿಯು ಪ್ಯಾರಿಸ್ ಸಮೀಪದ ಮ್ಯೂಡಾನ್‌ನ 83 ಸೆಂ.ಮೀ. ದೂರದರ್ಶಕದಲ್ಲಿ ನೋಡಿದಾಗ ಕಾಲುವೆಗಳ ಬದಲು ಚದುರಿದ ಮಚ್ಚೆಗಳೇ ಕಂಡವು. ಹಿಂದಿನ ರಾತ್ರಿಯ ಚಿತ್ರವನ್ನಾಗಲಿ ಪುಸ್ತಕದ ಛಾಯಾಚಿತ್ರವನ್ನಾಗಲಿ ವೀಕ್ಷಣೆಗೆ ಮುನ್ನ ನೋಡಬಾರದೆಂಬ ನಿಯಮ ಇಂತಹ ಅನುಭವದಿಂದ ಬಂದದ್ದು. ಸಂದೇಹವಿದ್ದ ವಿವರದ ಪಕ್ಕದಲ್ಲಿ ‘ಸಂದೇಹ’ ಎಂದೇ ಬರೆಯತಕ್ಕದ್ದು.

ಮಂಗಳನು ಸುಮಾರು 26 ತಿಂಗಳಿಗೊಮ್ಮೆ ಸೂರ್ಯನ ಎದುರು ದಿಕ್ಕಿಗೆ ಬಂದಾಗ ಮಾತ್ರ ಚಿತ್ರಿಸಲು ತಕ್ಕಷ್ಟು ದೊಡ್ಡದಾಗಿ ಕಾಣುತ್ತಾನೆ. 2027ರ ಫೆಬ್ರವರಿ 19 ಅಂತಹ ದಿನ. ಅವನ ದಿನ ನಮ್ಮದಕ್ಕಿಂತ ಸುಮಾರು 37 ನಿಮಿಷ ದೀರ್ಘ. ಆದ್ದರಿಂದ ಪ್ರತಿರಾತ್ರಿ ಅದೇ ವೇಳೆಗೆ ನೋಡಿದರೆ ಐದು ವಾರಗಳಲ್ಲಿ ಇಡೀ ಗ್ರಹವನ್ನು ಒಂದು ಸುತ್ತು ಚಿತ್ರಿಸಿದಂತಾಗುತ್ತದೆ. ಶನಿಯ ಆಕೃತಿ ಬರೆಯುವುದು ಕಠಿಣ, ಏಕೆಂದರೆ ಉಂಗುರಗಳ ಓರೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಅವು ನಮಗೆ ಅಂಚಾಗಿ ತಿರುಗಿದ್ದವು.

ಶುಕ್ರ ಮತ್ತು ಬುಧರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವು ಸೂರ್ಯನ ಸಮೀಪದಲ್ಲೇ ಇರುತ್ತವೆ. ಸೂರ್ಯ ಪೂರ್ತಿ ಮುಳುಗುವವರೆಗೆ ದೂರದರ್ಶಕವನ್ನು ಆ ದಿಕ್ಕಿಗೆ ತಿರುಗಿಸಕೂಡದು. ಬೆಳಗಿನ ವೀಕ್ಷಣೆಯನ್ನು ಸೂರ್ಯೋದಯಕ್ಕೆ ಮೊದಲೇ ಮುಗಿಸಬೇಕು. ದೂರದರ್ಶಕದ ಮೂಲಕ ಕ್ಷಣಮಾತ್ರ ಸೂರ್ಯನನ್ನು ನೋಡಿದರೂ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಮಕ್ಕಳನ್ನು ಉಪಕರಣದ ಬಳಿ ಒಂಟಿಯಾಗಿ ಬಿಡಬಾರದು.

ಚಿತ್ರದ ಕೆಳಗೆ ದಿನಾಂಕ, ಸಮಯ, ಸ್ಥಳ, ದೂರದರ್ಶಕದ ವ್ಯಾಸ, ವರ್ಧನೆ ಮತ್ತು ಗಾಳಿಯ ಸ್ಥಿತಿಯನ್ನು ಬರೆಯಬೇಕು. ಗಾಳಿಯ ಸ್ಥಿತಿಗೆ ಆಂಟೋನಿಯಾಡಿಯೇ ರೂಪಿಸಿದ ಒಂದರಿಂದ ಐದರ ಶ್ರೇಣಿ ಬಳಕೆಯಲ್ಲಿದೆ; ಒಂದು ಎಂದರೆ ನಿಶ್ಚಲ ಬಿಂಬ, ಐದು ಎಂದರೆ ಚಿತ್ರಿಸಲಾಗದ ಬಿಂಬ. ಪರದೇಶದ ವೀಕ್ಷಣೆಗಳೊಡನೆ ಹೋಲಿಸಲು ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ಜಾಗತಿಕ ಸಮಯವನ್ನೂ ನಮೂದಿಸಬೇಕು. ಮಧ್ಯರಾತ್ರಿಯ ನಂತರದ ವೀಕ್ಷಣೆಯಾದರೆ ದಿನಾಂಕವೂ ಒಂದು ದಿನ ಹಿಂದಕ್ಕೆ ಹೋಗುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಆಕಾಶ ಹೆಚ್ಚಾಗಿ ಮೋಡದಲ್ಲಿರುತ್ತದೆ. ಹಿಂದಿನ ಚಿತ್ರಗಳ ರೇಖಾಂಶಗಳನ್ನು ಲೆಕ್ಕಹಾಕಿ ಕ್ರಮವಾಗಿ ಜೋಡಿಸುವ ಕೆಲಸವನ್ನು ಆ ತಿಂಗಳುಗಳಿಗೆ ಇಟ್ಟುಕೊಳ್ಳಬಹುದು.