ಮೊಣಕಾಲುದ್ದದ ಕಡಲು

ಕಡಲೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ಅದರ ಆಳ. ದೊಡ್ಡ ಮೀನುಗಳೆಲ್ಲ ಆಳವಾದ ನೀರಿನಲ್ಲಿಯೇ ಇರುವುವು, ಅವುಗಳನ್ನು ಹಿಡಿಯಲು ದೊಡ್ಡ ದೋಣಿಯೂ ದೊಡ್ಡ ಬಲೆಯೂ ಬೇಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮುಂಬಯಿಯ ಸಸೂನ್ ಡಾಕಿಗೆ ಬಂದು ನಿಲ್ಲುವ ದೋಣಿಗಳನ್ನು ಕಂಡವರಲ್ಲಿ ಈ ಭಾವನೆ ಇನ್ನಷ್ಟು ದೃಢವಾಗುವುದು ಸಹಜವೇ. ಆದರೆ ಮೊಣಕಾಲು ಮುಳುಗುವಷ್ಟೇ ನೀರಿರುವ ಕಡಲೂ ಉಂಟು. ಅಲ್ಲಿಗೆ ಮೇಯಲು ಬರುವ ದೊಡ್ಡ ಮೀನುಗಳೂ ಉಂಟು. ಅವುಗಳನ್ನು ಒಬ್ಬನೇ ಕುಳಿತು ನಡೆಸುವ ಕಿರುದೋಣಿಯಿಂದ, ಗರಿ ಕಟ್ಟಿದ ಒಂದೇ ಒಂದು ಗಾಳದಿಂದ ಹಿಡಿಯುವ ವಿದ್ಯೆಯೂ ಉಂಟು. ಆ ವಿದ್ಯೆಯ ವಿಚಾರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಈ ಬಗೆಯ ಬೇಟೆಗೆ ಹೆಸರಾದ ಸ್ಥಳ ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ತುದಿಯಲ್ಲಿರುವ ಫ್ಲಾರಿಡಾ. ಅದರ ದಕ್ಷಿಣಕ್ಕೆ ‘ಕೀಸ್’ ಎಂಬ ಕಿರುದ್ವೀಪಗಳ ಮಾಲೆಯೊಂದು ಕಮಾನಿನಂತೆ ಬಾಗಿಕೊಂಡಿದೆ. ಆ ಮಾಲೆಗೂ ನಾಡಿನ ತುದಿಗೂ ನಡುವೆ ಇರುವುದು ಫ್ಲಾರಿಡಾ ಕೊಲ್ಲಿ. ೧೯೪೭ರಲ್ಲಿ ಸ್ಥಾಪಿತವಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಈ ಕೊಲ್ಲಿಯ ಬಹುಭಾಗ ಸೇರಿದೆ. ಹೆಸರಿಗೆ ಕೊಲ್ಲಿಯಾದರೂ ಅದರ ಸರಾಸರಿ ಆಳ ಮೂರು ನಾಲ್ಕು ಅಡಿಗಳನ್ನು ಮೀರದು. ತಳದಲ್ಲಿ ಸುಣ್ಣದಂತಹ ಬಿಳಿಯ ಕೆಸರು. ಅದರ ಮೇಲೆ ಗದ್ದೆಯ ಪೈರಿನಂತೆ ಹಬ್ಬಿದ ಕಡಲಹುಲ್ಲು. ಕಡಲಾಮೆಗಳು ಮೇಯುವುದರಿಂದ ಇದಕ್ಕೆ ಆಮೆಹುಲ್ಲೆಂದೇ ಹೆಸರು. ಹುಲ್ಲಿನ ಬುಡದಲ್ಲಿ ಸಿಗಡಿ, ಏಡಿ, ಹುಳು, ಚಿಪ್ಪಿನ ಪ್ರಾಣಿಗಳು ಅಸಂಖ್ಯಾತವಾಗಿ ವಾಸಿಸುತ್ತವೆ.

ಇಂತಹ ಬಯಲಿನಲ್ಲಿ ಎಲ್ಲವನ್ನೂ ನಿರ್ಧರಿಸುವುದು ಉಬ್ಬರ ಮತ್ತು ಇಳಿತ. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಕಡಲು ಹದಿನೈದು ಅಡಿಯಷ್ಟು ಏರಿ ಇಳಿಯುವುದುಂಟು. ಕೀಸ್ ದ್ವೀಪಗಳ ಬಳಿ ಈ ಏರಿಳಿತ ಒಂದೂವರೆ ಅಡಿಯ ಆಸುಪಾಸಿನದು. ಇಷ್ಟೇತಕ್ಕೆ ಲೆಕ್ಕ ಎನ್ನಬಾರದು. ಸಮತಟ್ಟಾದ ಬಯಲಿನಲ್ಲಿ ಒಂದು ಗೇಣು ನೀರು ಏರಿದರೆ ಮೈಲುಗಟ್ಟಲೆ ಹುಲ್ಲುಗಾವಲು ಮೀನಿಗೆ ತೆರೆದಂತಾಗುತ್ತದೆ; ಒಂದು ಗೇಣು ಇಳಿದರೆ ಮುಚ್ಚಿದಂತಾಗುತ್ತದೆ. ನಮ್ಮ ಶಿವಡಿಯ ಕೆಸರು ಬಯಲಿಗೆ ಫ್ಲೆಮಿಂಗೊ ಹಕ್ಕಿಗಳು ಇಳಿತದ ಹೊತ್ತನ್ನು ನೋಡಿ ಬರುತ್ತವಷ್ಟೆ. ಫ್ಲಾರಿಡಾದ ಮೀನುಗಳು ಉಬ್ಬರದ ಹೊತ್ತನ್ನು ನೋಡಿ ಬರುತ್ತವೆ. ಊಟದ ಎಲೆ ಒಂದೇ ಬಗೆಯದು, ಪಂಕ್ತಿ ಮಾತ್ರ ಬೇರೆ.

ಹೀಗೆ ಬರುವ ಮೀನುಗಳಲ್ಲಿ ಮುಖ್ಯವಾದುದು ಬೋನ್‌ಫಿಷ್. ಮೈತುಂಬ ಸಣ್ಣ ಮುಳ್ಳುಗಳಿರುವುದರಿಂದ ಆ ಹೆಸರು. ಅದರ ಪಕ್ಕೆಗಳು ಬೆಳ್ಳಿಯ ಕನ್ನಡಿಯಂತೆ ಸುತ್ತಲಿನ ಬಣ್ಣವನ್ನೇ ಪ್ರತಿಫಲಿಸುವುದರಿಂದ ಕಣ್ಣೆದುರೇ ಇದ್ದರೂ ಮೀನು ಕಾಣುವುದಿಲ್ಲ. ತಳದ ಮೇಲೆ ಜಾರುವ ಅದರ ನೆರಳು ಕಾಣುತ್ತದೆ. ಮೂತಿಯನ್ನು ಕೆಸರಿಗೆ ತೂರಿ ಏಡಿಯನ್ನು ಕೆದಕುವಾಗ ಮಾತ್ರ ಬಾಲವು ನೀರಿನಿಂದ ಮೇಲೆದ್ದು ಬಿಸಿಲಿಗೆ ಮಿನುಗುತ್ತದೆ. ಬೇಟೆಗಾರ ಹುಡುಕುವುದು ಆ ಮಿನುಗನ್ನೇ.

ಇನ್ನು ಗಾಳದ ಮಾತು. ಸಾಮಾನ್ಯ ಗಾಳದ ದಾರಕ್ಕೆ ಸೀಸದ ಗುಂಡನ್ನು ಕಟ್ಟುವುದುಂಟು. ಬೀಸಿದಾಗ ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ‘ಫ್ಲೈ’ ಎಂಬ ಗಾಳದಲ್ಲಿ ಇದು ತಲೆಕೆಳಗು. ಕೊಕ್ಕೆಯ ಮೇಲೆ ಗರಿ, ಕೂದಲು, ನೂಲುಗಳನ್ನು ಸುತ್ತಿ ಸಿಗಡಿಯನ್ನೋ ಏಡಿಯನ್ನೋ ಹೋಲುವಂತೆ ಮಾಡಿದ ಹುಸಿ ಎರೆ ಅದು. ಅದಕ್ಕೆ ಹೇಳಿಕೊಳ್ಳುವಂತಹ ಭಾರವೇ ಇಲ್ಲ. ಭಾರವಿರುವುದು ದಾರಕ್ಕೆ. ಒಂಬತ್ತು ಅಡಿಯ ಕೋಲಿನಿಂದ ಆ ದಪ್ಪ ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ನೇರವಾಗುವವರೆಗೆ ಕ್ಷಣಕಾಲ ತಡೆದು, ಅನಂತರ ಮುಂದಕ್ಕೆ ಬೀಸಿದರೆ, ದಾರವು ಸುರುಳಿ ಬಿಚ್ಚುತ್ತ ಹೋಗಿ ತುದಿಯಲ್ಲಿರುವ ಗರಿಯನ್ನು ಸದ್ದಿಲ್ಲದೆ ನೀರಿನ ಮೇಲಿಡುತ್ತದೆ. ಗುಂಡು ಬಿದ್ದ ಸದ್ದಿಗೆ ಮೊಣಕಾಲುದ್ದದ ನೀರಿನ ಮೀನು ಕಣ್ಮರೆಯಾಗುವುದರಿಂದಲೇ ಇಷ್ಟೆಲ್ಲ ಉಪಾಯ. ಈ ಕಲೆ ಬಹಳ ಹಳೆಯದು. ಕ್ರಿಸ್ತಶಕ ೨೦೦ರ ಸುಮಾರಿನ ಈಲಿಯನ್ ಎಂಬ ಗ್ರಂಥಕಾರನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಕಟ್ಟಿ ಹೊಳೆಯ ಮೀನನ್ನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಹೊಳೆಯ ಈ ವಿದ್ಯೆ ಉಪ್ಪುನೀರಿನಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಜೋ ಬ್ರೂಕ್ಸ್ ಎಂಬವರು ೧೯೪೭ರಲ್ಲಿ ಕೀಸ್ ದ್ವೀಪಗಳಲ್ಲಿ ಬೋನ್‌ಫಿಷ್ ಮೀನನ್ನು ಫ್ಲೈಯಿಂದ ಹಿಡಿದು, ೧೯೫೦ರಲ್ಲಿ ಉಪ್ಪುನೀರಿನ ಫ್ಲೈ ಬೇಟೆಯ ಮೇಲೆ ಪುಸ್ತಕವನ್ನೇ ಬರೆದರು.

ಕಿರುದೋಣಿಗೆ ‘ಕಯಾಕ್’ ಎಂದು ಹೆಸರು. ಉತ್ತರ ಧ್ರುವಪ್ರದೇಶದ ಇನ್ಯೂಇಟ್ ಮೊದಲಾದ ಜನರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಬೇಟೆಗಾಗಿ ಇದನ್ನು ಮಾಡುತ್ತಿದ್ದರು. ಹಿಮದ ಕಡಲಿನ ಆ ದೋಣಿ ಇಂದು ಪ್ಲಾಸ್ಟಿಕ್ಕಿನ ಮೈ ಪಡೆದು ಬಿಸಿಲಿನ ನಾಡಿಗೂ ಬಂದಿದೆ. ಅದು ತೇಲಲು ಕೆಲವೇ ಅಂಗುಲ ನೀರು ಸಾಕು. ಯಂತ್ರದ ದೋಣಿ ನೆಲ ಮುಟ್ಟಿ ನಿಲ್ಲುವಲ್ಲಿಯೂ ಅದು ಹುಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಆದರೆ ಸದ್ದಿನ ವಿಷಯದಲ್ಲಿ ಬಹು ಎಚ್ಚರ ಬೇಕು. ನೀರಿನಲ್ಲಿ ಶಬ್ದವು ಗಾಳಿಯಲ್ಲಿ ಸಾಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ಹುಟ್ಟು ದೋಣಿಯ ಅಂಚಿಗೆ ಒಮ್ಮೆ ತಗಲಿದರೂ ಸುತ್ತಲಿನ ಮೀನಿಗೆಲ್ಲ ಡಂಗುರ ಹೊಡೆಸಿದಂತೆ. ಆದುದರಿಂದ ಅನುಭವಿಗಳು ಲಂಗರನ್ನು ಎಸೆಯುವುದಿಲ್ಲ. ತೆಳುವಾದ ಗಳವೊಂದನ್ನು ಕೆಸರಿಗೆ ಮೆಲ್ಲನೆ ಚುಚ್ಚಿ ದೋಣಿಯನ್ನು ಅದಕ್ಕೆ ಕಟ್ಟುತ್ತಾರೆ.

ಈ ಬೇಟೆಯ ನಿಜವಾದ ಸ್ವಾರಸ್ಯ ನಮಗೆ ತೋರುವುದು ಮುಂದಿನ ಸಂಗತಿಯಲ್ಲಿ. ಬೆಳಕು ಗಾಳಿಯಿಂದ ನೀರನ್ನು ಹೊಗುವಾಗ ಬಾಗುತ್ತದೆಂದು ನಮ್ಮ ವಿದ್ಯಾರ್ಥಿಗಳು ಓದಿರುವರು. ಆ ಬಾಗುವಿಕೆಯಿಂದಾಗಿ ಹೊರಗಿನ ಲೋಕವೆಲ್ಲ ಮೀನಿಗೆ ತಲೆಯ ಮೇಲಿರುವ ದುಂಡನೆಯ ಕಿಟಕಿಯೊಂದರಲ್ಲಿ ಕಾಣುತ್ತದೆ. ಆ ಕಿಟಕಿಯ ಹರವು ಸುಮಾರು ೯೭ ಡಿಗ್ರಿ. ಎತ್ತರದಲ್ಲಿರುವ ವಸ್ತು ಕಿಟಕಿಯ ನಡುವಿಗೆ ಹತ್ತಿರವಾಗಿ ಸ್ಪಷ್ಟವಾಗಿ ತೋರುತ್ತದೆ. ನೀರಿನ ಮಟ್ಟಕ್ಕೆ ಸಮೀಪದಲ್ಲಿರುವುದು ಅಂಚಿನಲ್ಲಿ ಅಮುಕಿಕೊಂಡು ಮಂಕಾಗುತ್ತದೆ. ಯಂತ್ರದ ದೋಣಿಯ ಮೇಲಿನ ವೇದಿಕೆಯಲ್ಲಿ ನಿಂತವನ ತಲೆ ನೀರಿನಿಂದ ಒಂಬತ್ತು ಅಡಿ ಎತ್ತರದಲ್ಲಿದೆಯೆನ್ನೋಣ. ನಲ್ವತ್ತು ಅಡಿ ದೂರದಿಂದ ಅದು ನೀರಿನ ಮಟ್ಟಕ್ಕಿಂತ ಸುಮಾರು ೧೩ ಡಿಗ್ರಿ ಮೇಲಿರುತ್ತದೆ. ಕಯಾಕಿನಲ್ಲಿ ಕುಳಿತವನ ತಲೆ ಮೂರು ಅಡಿ ಎತ್ತರದಲ್ಲಿದ್ದರೆ ಆ ಕೋನ ಕೇವಲ ೪ ಡಿಗ್ರಿ. ಮೀನಿನ ಕಣ್ಣಿಗೆ ಅವನು ಇಲ್ಲದಂತೆಯೇ ಸರಿ.

ಆದರೆ ಪ್ರಕೃತಿ ಈ ಲಾಭವನ್ನು ಬಿಟ್ಟಿಯಾಗಿ ಕೊಟ್ಟಿಲ್ಲ. ಮೀನಿಗೆ ಮನುಷ್ಯನನ್ನು ಮರೆಮಾಡುವ ಆ ಓರೆಯೇ ಮನುಷ್ಯನಿಗೆ ಮೀನನ್ನೂ ಮರೆಮಾಡುತ್ತದೆ. ತಗ್ಗಿನಲ್ಲಿ ಕುಳಿತು ದೂರ ನೋಡಿದರೆ ಕಾಣುವುದು ನೀರಿನೊಳಗಣ ತಳವಲ್ಲ, ಆಕಾಶದ ಪ್ರತಿಬಿಂಬ. ಈ ಹೊಳಪನ್ನು ತಗ್ಗಿಸಲು ಬೇಟೆಗಾರರು ಧ್ರುವೀಕರಣದ ಕನ್ನಡಕ ಧರಿಸುತ್ತಾರೆ. ನೀರಿನ ಮೇಲೆ ಪ್ರತಿಫಲಿಸಿದ ಬೆಳಕಿನ ಕಂಪನ ಹೆಚ್ಚಾಗಿ ಅಡ್ಡಲಾಗಿರುತ್ತದೆ. ಅಂತಹ ಬೆಳಕನ್ನು ಈ ಗಾಜು ತಡೆಯುತ್ತದೆ. ಇದೇ ತತ್ತ್ವವನ್ನು ಸರ್ ಸಿ. ವಿ. ರಾಮನ್ ೧೯೨೧ರಲ್ಲಿ, ಮುಂಬಯಿಗೆ ಬರುತ್ತಿದ್ದ ನಾರ್ಕುಂಡ ಎಂಬ ಹಡಗಿನ ಮೇಲೆ ಬಳಸಿದ್ದರು. ನಿಕಲ್ ಪಟ್ಟಕದ ಮೂಲಕ ನೋಡಿ, ಆಕಾಶದ ಪ್ರತಿಬಿಂಬವನ್ನು ಅಳಿಸಿದ ಮೇಲೂ ಕಡಲು ನೀಲಿಯಾಗಿಯೇ ಇರುವುದನ್ನು ಅವರು ಕಂಡರು. ಮುಂದೆ ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ನಿರ್ದೇಶಕರಾಗಿ ಬಂದ ಮಹನೀಯರು ಅವರೇ. ಆದರೆ ನೋಟ ತೀರ ಓರೆಯಾದರೆ ಈ ಕನ್ನಡಕವೂ ಸೋಲುತ್ತದೆ. ಆಗ ಕಯಾಕಿನವನಿಗೆ ಉಳಿಯುವ ದಾರಿ ಎರಡೇ: ಅಗಲವಾದ ದೋಣಿಯಲ್ಲಿ ಎದ್ದು ನಿಲ್ಲುವುದು, ಇಲ್ಲವೆ ದೋಣಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದು ನಡೆಯುವುದು. ಹೀಗೆ ನಡೆಯುವವನ ಹಿಂದೆ ದೋಣಿಯು ಸಾಕಿದ ಕರುವಿನಂತೆ ಬರುತ್ತದೆ.

ಮೀನು ಕಚ್ಚಿದಾಗ ಕೋಲನ್ನು ಮೇಲೆತ್ತುವುದು ಹೊಳೆಯ ಬೇಟೆಗಾರರ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಎರೆ ಬಾಯಿಂದ ಜಾರಿಹೋಗುತ್ತದೆ. ಕೋಲನ್ನು ನೀರಿನ ಮಟ್ಟದಲ್ಲಿಯೇ ಇಟ್ಟು, ದಾರವನ್ನು ಕೈಯಿಂದ ಹಿಂದಕ್ಕೆ ಜಗ್ಗಬೇಕು. ಕೊಕ್ಕೆ ತಗಲಿದೊಡನೆ ಮೀನು ನೂರು ಗಜ ದಾರವನ್ನೆಳೆದುಕೊಂಡು ಓಡುವುದುಂಟು. ದೊಡ್ಡ ಮೀನಾದರೆ ದೋಣಿಯೂ ಅದರ ಹಿಂದೆ ಹೊರಡುತ್ತದೆ!

ಇಷ್ಟು ಪಾಡುಪಟ್ಟು ಹಿಡಿದ ಮೀನನ್ನು ಅವರು ಮನೆಗೊಯ್ಯುವುದಿಲ್ಲ, ಬಿಟ್ಟುಬಿಡುತ್ತಾರೆ. ಫ್ಲಾರಿಡಾದಲ್ಲಿ ೨೦೧೩ರಿಂದ ಬೋನ್‌ಫಿಷ್ ಮೀನನ್ನು ಇಟ್ಟುಕೊಳ್ಳಲು ಕಾನೂನಿನ ಅನುಮತಿಯೂ ಇಲ್ಲ. ಮೀನನ್ನು ಅನ್ನದ ಬಟ್ಟಲೆಂದೇ ತಿಳಿದ ಕರಾವಳಿಯ ನಮ್ಮ ಹಿರಿಯರಿಗೆ ಇದು ವಿಚಿತ್ರವಾಗಿ ತೋರಬಹುದು. ವಿನೋದಕ್ಕಾಗಿ ಒಂದು ಜೀವವನ್ನು ದಣಿಸುವುದು ಸರಿಯೇ ಎಂಬ ಅವರ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ದಣಿದ ಮೀನು ಶಾರ್ಕಿನ ಬಾಯಿಗೆ ಸುಲಭವಾದ ತುತ್ತು. ಆದುದರಿಂದ ಮುಳ್ಳಿಲ್ಲದ ಕೊಕ್ಕೆಯನ್ನು ಬಳಸಿ, ಬೇಗ ಎಳೆದುಕೊಂಡು, ಒದ್ದೆಗೈಯಿಂದ, ಸಾಧ್ಯವಾದರೆ ನೀರಿನಿಂದ ಮೇಲೆತ್ತದೆಯೇ ಬಿಡಬೇಕೆಂಬುದು ಅಲ್ಲಿಯ ನಿಯಮ. ಈ ಬೇಟೆಗಾರರ ಪರವಾಗಿ ಒಂದು ಮಾತನ್ನೂ ಹೇಳಬೇಕು: ಕೊಲ್ಲಿಗೆ ಏನಾದರೂ ಹಾನಿ ತಗಲಿದರೆ ಮೊದಲು ಕೂಗೆಬ್ಬಿಸುವವರಲ್ಲಿ ಅವರೂ ಸೇರಿದ್ದಾರೆ.

ಹಾನಿಯಾದರೂ ಅಲ್ಪವಲ್ಲ. ಯಂತ್ರದ ದೋಣಿಗಳು ತೆಳ್ಳನೆಯ ನೀರಿನಲ್ಲಿ ಓಡಿದಾಗ ತಿರುಗುವ ಅಲಗು ಕಡಲಹುಲ್ಲನ್ನು ಬೇರುಸಹಿತ ಸೀಳುತ್ತದೆ. ಆ ಗಾಯ ಮಾಯಲು ವರ್ಷಗಳೇ ಬೇಕು. ೨೦೦೮ರಲ್ಲಿ ಉದ್ಯಾನದವರು ಆಕಾಶದಿಂದ ತೆಗೆದ ಚಿತ್ರಗಳ ಮೇಲೆ ಇಂತಹ ಸೀಳುಗಳನ್ನು ಅಳೆದಾಗ ಅವುಗಳ ಒಟ್ಟು ಉದ್ದ ಸುಮಾರು ೩೨೫ ಮೈಲುಗಳಾಗಿದ್ದುವು. ೨೦೧೧ರಲ್ಲಿ ಸ್ನೇಕ್ ಬೈಟ್ ಎಂಬ ಕಿರುಕೊಲ್ಲಿಯಲ್ಲಿ ಇಂಧನದ ಯಂತ್ರಗಳನ್ನು ನಿಲ್ಲಿಸಿ, ಗಳವೂರಿಯೋ ಹುಟ್ಟು ಹಾಕಿಯೋ ವಿದ್ಯುತ್ತಿನ ಸಣ್ಣ ಯಂತ್ರದಿಂದಲೋ ಮಾತ್ರ ಸಂಚರಿಸಬೇಕೆಂದು ವಿಧಿಸಿದರು. ಅದಕ್ಕಿಂತ ದೊಡ್ಡ ಕೇಡು ಭೂಮಿಯ ಕಡೆಯಿಂದ ಬಂದಿದೆ. ಉತ್ತರದಿಂದ ಈ ಕೊಲ್ಲಿಗೆ ಹರಿದುಬರುತ್ತಿದ್ದ ಸಿಹಿನೀರನ್ನು ಕಾಲುವೆ ಕಟ್ಟೆಗಳು ಬೇರೆಡೆಗೆ ತಿರುಗಿಸಿದ್ದರಿಂದ, ಮಳೆ ಕಡಮೆಯಾದ ವರ್ಷಗಳಲ್ಲಿ ಕೊಲ್ಲಿಯ ಉಪ್ಪು ಮಿತಿಮೀರುತ್ತದೆ. ೧೯೮೭ರಲ್ಲಿಯೂ ಮತ್ತೆ ೨೦೧೫ರಲ್ಲಿಯೂ ಹುಲ್ಲು ಸತ್ತು ಕೊಳೆಯಿತು. ಎರಡನೆಯ ಸಲ ಹಾಳಾದುದು ಸುಮಾರು ೪೦,೦೦೦ ಎಕರೆ.

ಮೀನಿನ ಸಂತತಿಯ ಪ್ರಶ್ನೆಯೂ ಇಷ್ಟೇ ಜಟಿಲವಾಗಿದೆ. ಬೋನ್‌ಫಿಷ್ ಮೇಯುವುದು ಮೊಣಕಾಲುದ್ದದ ನೀರಿನಲ್ಲಾದರೂ ಮೊಟ್ಟೆಯಿಡುವುದು ದಡದಿಂದಾಚೆಯ ಆಳದಲ್ಲಿ. ಮೊಟ್ಟೆಯಿಂದ ಹೊರಬಂದ ಮರಿ ಗಾಜಿನ ಪಟ್ಟಿಯಂತೆ ಪಾರದರ್ಶಕವಾಗಿರುತ್ತದೆ. ಒಂದೂವರೆ ಎರಡು ತಿಂಗಳು ಪ್ರವಾಹದಲ್ಲಿ ತೇಲಿ, ಅನಂತರ ದಡ ಸೇರಿ ಮೀನಿನ ಆಕಾರವನ್ನು ತಾಳುತ್ತದೆ. ಅಷ್ಟರಲ್ಲಿ ಅದು ಹುಟ್ಟಿದ ನೀರಿನಿಂದ ಬಹುದೂರ ಬಂದಿರಬಹುದು. ಫ್ಲಾರಿಡಾದ ಬಯಲಿನಲ್ಲಿ ಬಾಲವೆತ್ತಿ ಮೇಯುವ ಮೀನುಗಳಲ್ಲಿ ಕೆಲವು ಕ್ಯೂಬಾ, ಮೆಕ್ಸಿಕೋಗಳ ಕಡೆಯ ಕಡಲಿನಲ್ಲಿ ಹುಟ್ಟಿದವುಗಳಿರಬಹುದೆಂದು ಸಂಶೋಧಕರು ಭಾವಿಸಿದ್ದಾರೆ.