ಹಿರಿಯರನ್ನು ಕರೆಯಲು ಹಿರಿಯರೇ ಹೋಗಬೇಕು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳನ್ನು ಹೊಕ್ಕು ಬಂದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ತೋಟವಿದೆ, ಅಂಗಳವಿದೆ, ಅಂಗಳದಲ್ಲಿ ಒಣಹಾಕಿದ ಅಡಿಕೆಯಿದೆ. ಮನೆಯೊಳಗೆ ಇರುವವರು ಮಾತ್ರ ಇಬ್ಬರೇ, ಕೆಲವೆಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ನೆಲೆಸಿದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರುವತ್ತು ವರ್ಷ ತುಂಬಿದವರು ನೂರಕ್ಕೆ 9.5, ನೆರೆಯ ಕೇರಳದಲ್ಲಿ 12.6. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ.

ಘಟ್ಟದ ಮೇಲಿನ ಊರುಗಳಂತೆ ನಮ್ಮಲ್ಲಿ ಮನೆಗೆ ಮನೆ ತಾಗಿಕೊಂಡಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡೆ ಹತ್ತಬೇಕು, ತೋಡು ದಾಟಬೇಕು. ಮಳೆ ಹಿಡಿದು ವಿದ್ಯುತ್ತು ಹೋಯಿತೆಂದರೆ ಫೋನೂ ಹೋಯಿತು. ಇಂತಹ ಒಂದು ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಬಚ್ಚಲಿನಲ್ಲಿ ಜಾರಿ ಬಿದ್ದು ರಾತ್ರಿಯಿಡೀ ಅಲ್ಲೇ ಇದ್ದರು. ಬೆಳಿಗ್ಗೆ ಅವರ ಹಾಲು ಡಿಪೋಗೆ ಬರಲಿಲ್ಲವೆಂದು ವಿಚಾರಿಸಲು ಹೋದವರು ಅವರದೇ ಪ್ರಾಯದ ಇನ್ನೊಬ್ಬ ಕೃಷಿಕರು. ಅವರನ್ನು ಉಳಿಸಿದ್ದು ಯಾವ ಯೋಜನೆಯೂ ಅಲ್ಲ, ಸಮಪ್ರಾಯದವರೊಬ್ಬರ ಎಚ್ಚರ. ಈ ಎಚ್ಚರವನ್ನೇ ಒಂದು ಕ್ರಮಕ್ಕೆ ತರಲು ಸಾಧ್ಯವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಹೊರಗಿನ ಎರಡು ಉದಾಹರಣೆ

ಕಲ್ಲಿಕೋಟೆಯಲ್ಲಿ 1993ರಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಗಾಗಿ ವೈದ್ಯರು ಒಂದು ಸಂಸ್ಥೆಯನ್ನು ಕಟ್ಟಿದರು. ಹಾಸಿಗೆ ಹಿಡಿದವರು ಆಸ್ಪತ್ರೆಗಿಂತ ಮನೆಗಳಲ್ಲೇ ಹೆಚ್ಚು ಎಂಬುದು ಬೇಗನೆ ಅರಿವಾಯಿತು. 2001ರಲ್ಲಿ ನೆರೆಕರೆಯ ಜಾಲ ಆರಂಭವಾಯಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರನ್ನು ಆಯಾ ಊರಿನಲ್ಲೇ ಹುಡುಕಿ ತರಬೇತಿ ಕೊಟ್ಟರು. ದೊಡ್ಡ ತ್ಯಾಗವನ್ನು ಕೇಳಲಿಲ್ಲ, ಎರಡು ಗಂಟೆ ಕೇಳಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಹೊರಡಿಸಿತು.

ಎರಡನೆಯದು ಆಫ್ರಿಕದ ಜಿಂಬಾಬ್ವೆಯದು. ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ ಬಡವರ ಬಡಾವಣೆಯೊಂದರಲ್ಲಿ 14 ಮಂದಿ ಅಜ್ಜಿಯರನ್ನು ಕೂಡಿಸಿ, ಮನೋವ್ಯಥೆಯಿಂದ ಬಳಲುವವರ ಮಾತು ಕೇಳಲು ತರಬೇತಿ ಕೊಟ್ಟರು. ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿಸಿದರು. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಾಗ ಹತ್ತಿರ ಬರಲು ಜನ ಹಿಂಜರಿದರು. ಸ್ನೇಹದ ಬೆಂಚು ಎಂದು ಕರೆಯಿರಿ ಎಂದು ಬುದ್ಧಿ ಹೇಳಿದವರು ಆ ಅಜ್ಜಿಯರೇ. 573 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಚಿನಲ್ಲಿ ಕುಳಿತು ಮಾತಾಡಿದವರ ವ್ಯಥೆ ಸ್ಪಷ್ಟವಾಗಿ ತಗ್ಗಿತ್ತು. ಊರಿನ ಮನಸ್ಸು ಊರಿನ ಹಿರಿಯರಿಗೆ ತಿಳಿದಷ್ಟು ವೈದ್ಯರಿಗೂ ತಿಳಿಯದು ಎಂಬುದು ಇದರ ಪಾಠ.

ಹೇಳಿಕೆಯ ಸಂಪ್ರದಾಯ

ನಮ್ಮಲ್ಲಿ ಇದು ಹೊಸತೇನಲ್ಲ. ಮದುವೆಯ ಕಾಗದ ಅಂಚೆಯಲ್ಲಿ ಬಂದರೆ ಬಂತು. ಮನೆಗೆ ಬಂದು ಹೇಳಿಕೆ ಹೇಳಿದರೆ ಮಾತ್ರ ಹೋಗಲೇಬೇಕೆಂಬ ಭಾವನೆ. ಹಿಂದಿನ ದಿನ ಬೆಂದಿಗೆ ಕೊರೆಯಲು ಬರುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಸ್ವಯಂಸೇವೆ ಎಂಬ ಶಬ್ದವಿಲ್ಲದೆಯೇ ಅದು ನಡೆದು ಬಂದಿದೆ.

ಆದುದರಿಂದ ಸಂಘದ ಫಲಕದಲ್ಲಿ ನೋಟೀಸು ಹಚ್ಚಿ ಸ್ವಯಂಸೇವಕರನ್ನು ನಿರೀಕ್ಷಿಸುವುದು ವ್ಯರ್ಥ. ಫಲಕದೆದುರು ನಿಲ್ಲುವವರು ಅಡಿಕೆ ಧಾರಣೆ ನೋಡಲು ಬಂದವರು. ಯುವಕರು ಹೋಗಿ ಕೇಳಿದರೆ ಹಿರಿಯರಿಗೆ ಅದು ಕನಿಕರವಾಗಿ ಕೇಳಿಸುತ್ತದೆ. "ನನ್ನಿಂದ ಇನ್ನೇನಾದೀತು ಮಾರಾಯ್ರೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ ಮಾತನ್ನು ಎಪ್ಪತ್ತರ ಇನ್ನೊಬ್ಬರ ಎದುರು ಹೇಳುವುದು ಸುಲಭವಲ್ಲ. ಅವರ ಮೊಣಗಂಟೂ ನೋಯುತ್ತಿರುತ್ತದೆ.

ಕೇಳುವ ಕ್ರಮ

ಇಬ್ಬರು ಜೊತೆಯಾಗಿ ಹೋಗುವುದು ಉತ್ತಮ. ಕೊಯ್ಲು, ಔಷಧಿ ಸಿಂಪಡಣೆಯ ತುರ್ತಿನ ದಿನಗಳು ಬೇಡ. ಮೊದಲ ಭೇಟಿಯಲ್ಲಿ ಏನನ್ನೂ ಕೇಳದೆ, ಎರಡನೆಯ ಭೇಟಿಯಲ್ಲಿ ಒಂದೇ ಒಂದು ಸಣ್ಣ ಕೆಲಸವನ್ನು ಖಚಿತವಾಗಿ ಹೇಳಬೇಕು: ದಿನವೂ ಬೆಳಿಗ್ಗೆ ಏಳಕ್ಕೆ ಇಂತಹ ಎರಡು ಮನೆಗೆ ಫೋನು ಮಾಡುವುದು, ಫೋನು ಸತ್ತ ದಿನ ಹಾಲಿಗೆ ಬರುವವರಲ್ಲಿ ಸುದ್ದಿ ಕೇಳುವುದು, ನವೆಂಬರಿನಲ್ಲಿ ಪಿಂಚಣಿದಾರರ ಜೀವಂತ ಪ್ರಮಾಣಪತ್ರಕ್ಕೆ ಜೊತೆಯಲ್ಲಿ ಹೋಗುವುದು, ಅಂಗನವಾಡಿಯ ಮಕ್ಕಳಿಗೆ ವಾರಕ್ಕೊಂದು ಕತೆ ಹೇಳುವುದು. ಸಾಕೆನಿಸಿದಾಗ ಸಾಕು ಎನ್ನುವ ಸ್ವಾತಂತ್ರ್ಯವಿದೆ ಎಂಬುದನ್ನೂ ಮೊದಲೇ ತಿಳಿಸಬೇಕು.

ನಮ್ಮ ಸದಸ್ಯರ ರಿಜಿಸ್ಟ್ರಿಯನ್ನೇ ಪಟ್ಟಿಯೆಂದು ತಿಳಿದರೆ ಅರ್ಧ ಊರು ಬಿಟ್ಟುಹೋದೀತು. ಜಾಗ ಗಂಡಸರ ಹೆಸರಿನಲ್ಲಿ, ಪಾಲು ಬಂಡವಾಳವೂ ಅವರ ಹೆಸರಿನಲ್ಲಿ. ಬಾಣಂತಿ, ರೋಗಿ, ಮದ್ದು ಎಲ್ಲವನ್ನೂ ಬಲ್ಲ ಅಮ್ಮಂದಿರ ಹೆಸರು ನಮ್ಮ ಪುಸ್ತಕಗಳಲ್ಲಿ ಇಲ್ಲ. ಅವರನ್ನು ಅಮ್ಮಂದಿರೇ ಕರೆಯಬೇಕು. ಭಾಷೆಯ ಮಾತೂ ಹಾಗೆಯೇ. ತುಳು, ಅರೆಭಾಷೆ, ಹವ್ಯಕ, ಕೊಂಕಣಿ, ಬ್ಯಾರಿ ಮನೆಗಳಿಗೆ ಆಯಾ ಮನೆಮಾತಿನವರು ಹೋಗಲಿ. 1964ರ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಸುಳ್ಯದ ರಬ್ಬರು ತೋಟಗಳಲ್ಲಿ ದುಡಿದ ತಮಿಳು ಬಂಧುಗಳಲ್ಲೂ ಈಗ ಅಜ್ಜ ಅಜ್ಜಿಯರಾದವರು ಇದ್ದಾರೆ, ಅವರನ್ನು ಮರೆಯಬಾರದು.

ಕೆಲವು ಎಚ್ಚರಗಳು

ಸೇವೆಗೆ ಬಂದವರು ಯಾರ ಪಾಸುಪುಸ್ತಕವನ್ನೂ, ಹಣವನ್ನೂ, ಆಸ್ತಿಯ ಕಾಗದಪತ್ರವನ್ನೂ ಮುಟ್ಟತಕ್ಕದ್ದಲ್ಲ. ಔಷಧಿ ಬದಲಿಸುವ ಸಲಹೆ ಬೇಡ. ಅದು ವೈದ್ಯರ ಕೆಲಸ. ಕತ್ತಲಾದ ಮೇಲೆ ಒಬ್ಬರೇ ಸಂಕ ದಾಟುವುದು ಬೇಡ. ಬಸ್ಸಿನ, ರಿಕ್ಷಾದ ಖರ್ಚನ್ನು ಸೇವಕರ ಕಿಸೆಯಿಂದ ಹಾಕಿಸಬಾರದು. ಒಂದು ಮನೆಯಲ್ಲಿ ಕೇಳಿದ ಸುದ್ದಿ ಇನ್ನೊಂದು ಮನೆಯ ಜಗಲಿಗೆ ಹೋಗಬಾರದು; ಹೋಯಿತೆಂದರೆ ಮುಂದಿನ ಬಾಗಿಲು ತೆರೆಯದು.

ಸಹಕಾರವೆಂದರೆ ಸಾಲ, ಗೊಬ್ಬರ, ಮಾರಾಟವಷ್ಟೇ ಅಲ್ಲ. ಜಿಲ್ಲೆಯ ಸಹಕಾರಿ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರು ಪುತ್ತೂರಿನವರು. ಅಡಿಕೆ ಧಾರಣೆ ಕುಸಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಒಟ್ಟುಗೂಡಿ 1973ರಲ್ಲಿ ಕ್ಯಾಂಪ್ಕೋವನ್ನು ಕಟ್ಟಿದರು. ಅಡಿಕೆಯನ್ನು ಒಬ್ಬೊಬ್ಬರೇ ಮಾರಿ ಸೋತವರು ಜೊತೆಯಾಗಿ ನಿಂತು ಗೆದ್ದರು. ವೃದ್ಧಾಪ್ಯವನ್ನು ಮಾತ್ರ ಒಬ್ಬೊಬ್ಬರೇ ಎದುರಿಸಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಅರುವತ್ತು ದಾಟಿದ ಪ್ರತಿಯೊಬ್ಬ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಈ ಮಳೆ ಹಿಡಿಯುವ ಮೊದಲು ನಿಮ್ಮದೇ ಪ್ರಾಯದ ಇಬ್ಬರ ಮನೆಗೆ ಹೋಗಿ ಬನ್ನಿ. ಅವರಲ್ಲಿ ಒಬ್ಬರಾದರೂ ಒಪ್ಪಿದರೆ ಸಂಘದ ಕಚೇರಿಗೆ ತಿಳಿಸಿ. ಉಳಿದ ಏರ್ಪಾಡನ್ನು ನಾವು ಮಾಡುತ್ತೇವೆ.