ಸ್ಟೆಂಟ್ ಅಗ್ಗವಾಯಿತು, ಆಸ್ಪತ್ರೆ ಬಿಲ್?

ಪ್ರಶ್ನೆ: ಆಸ್ಪತ್ರೆ ಖರ್ಚು ಇಷ್ಟು ದುಬಾರಿ ಏಕೆ? ಸರ್ಕಾರಕ್ಕೆ ಇಳಿಸಲಾಗದೇ?

ಉತ್ತರ: ಇಳಿಸಬಹುದು, ಇಳಿಸಿಯೂ ತೋರಿಸಿದೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅಳವಡಿಸುವ ಸ್ಟೆಂಟನ್ನೇ ನೋಡಿ. ಔಷಧ ಲೇಪಿತ ಸ್ಟೆಂಟಿಗೆ ಲಕ್ಷಕ್ಕೂ ಮಿಕ್ಕಿ ಬೆಲೆ ಹೇಳುತ್ತಿದ್ದ ಕಾಲವಿತ್ತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಅದಕ್ಕೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಅದುವರೆಗೆ ಕಂಪನಿಯಿಂದ ವಿತರಕ, ವಿತರಕನಿಂದ ಆಸ್ಪತ್ರೆ ಎಂದು ಕೈ ಬದಲಾದಂತೆಲ್ಲ ಲಾಭ ಸೇರುತ್ತಿತ್ತು. ದೊಡ್ಡ ಪಾಲು ಸೇರುತ್ತಿದ್ದುದು ಆಸ್ಪತ್ರೆಯ ಹಂತದಲ್ಲೇ. ಎದೆನೋವಿನಿಂದ ಮಲಗಿದವರು ಚೌಕಾಸಿ ಮಾಡಲಾರರು. ಯಾವ ಸ್ಟೆಂಟ್ ಎಂದು ಆರಿಸುವವರು ವೈದ್ಯರು, ಹಣ ಹೊಂದಿಸುವವರು ಮನೆಯವರು. ಇಂಥ ಕಡೆ ಪೈಪೋಟಿಯೇ ಬೆಲೆ ಇಳಿಸುತ್ತದೆಂಬ ವಾದವನ್ನು ನಾನು ಒಪ್ಪುವುದಿಲ್ಲ.

ಆದರೆ ಬಿಲ್ಲಿನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ. ಸ್ಟೆಂಟ್ ಅಳವಡಿಸುವ ಕೋಣೆಯಾದ ಕ್ಯಾಥ್‌ಲ್ಯಾಬ್, ಐಸಿಯು, ತಪಾಸಣೆಗಳ ದರ ಆ ಆದೇಶದ ಹೊರಗೇ ಉಳಿದವು. ಆ ಖರ್ಚನ್ನೂ ಇಳಿಸಲು ಸರ್ಕಾರದ್ದೇ ಒಳ್ಳೆಯ ಆಸ್ಪತ್ರೆಗಳು ಬೇಕು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇರುವುದರಿಂದಲೇ ಎಷ್ಟೋ ಬಡವರಿಗೆ ಸ್ಟೆಂಟ್ ಅಳವಡಿಸುವ ಚಿಕಿತ್ಸೆಯಾದ ಆಂಜಿಯೋಪ್ಲಾಸ್ಟಿ ಕೈಗೆಟುಕಿದೆ. ಮೈಸೂರು, ಕಲಬುರಗಿಗೂ ಅದು ಹಬ್ಬಿದೆ. ಇನ್ನೂ ಹಲವು ಜಿಲ್ಲೆಗಳವರು ಮಾತ್ರ ರೋಗಿಯನ್ನು ಕರೆದುಕೊಂಡು ರಾತ್ರೋರಾತ್ರಿ ದೂರದ ಊರಿಗೆ ಓಡಬೇಕಾಗಿದೆ.